ಬಾಳಗೊಂಡ ಕಾಕಾನ ಬಂಗಾರದ ಗುಳಿಗೆ

ಸಾಂಗ್ಲಿಯ ಅರಿಶಿನ ವ್ಯಾಪಾರಿ ಬಾಳಗೊಂಡ ಕಾಕಾ ನಮ್ಮ ಜೈನರ ಓಣಿಗೆ ಧರ್ಮದ ಠೇಕೆದಾರ. ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಇಷ್ಟು ಸಾಲದೆಂದು, ಬೇರೆಯವರ ತಾಟಿನಲ್ಲಿ ನೆಲದೊಳಗೆ ಬೆಳೆದ ಗಜ್ಜರಿ ಕಂಡರೂ ಅವರಿಗೆ ನರಕದ ದಾರಿ ತೋರಿಸುತ್ತಿದ್ದರು.

ಪರದೇಶಿ ಮಾಲಿಗೆ ಊರೆಲ್ಲ ಬಾಯಿಬಿಟ್ಟ ವರ್ಷಗಳವು. ಹೊಸ ಅಂಗಡಿಯಿಂದ ಕಾಕಾ ಒಂದು ಬಾಟಲಿ ವಿಟಮಿನ್ ಗುಳಿಗೆ ತಂದರು. ಬಂಗಾರದಂಗ ಹೊಳೆಯುವ ಆ ಗುಳಿಗೆಯನ್ನು ದಿನಾ ಹೊತ್ತು ಮುಳುಗುವ ಮೊದಲೇ, ಸೋಸಿದ ನೀರಿನಲ್ಲೇ ನುಂಗುತ್ತಿದ್ದರು.

ಕೆಲವು ವಾರಗಳಲ್ಲಿ ಮೈತುಂಬ ದದ್ದು ಎದ್ದವು, ತುಟಿ ಬಾತವು. ತಪ್ಪೆಲ್ಲ ಹೆಂಡತಿ ಛಾಯಾ ಕಾಕುವಿನ ಅಡಿಗೆಯದಂತೆ. ಮೊದಲು ಚಟ್ನಿಗೆಂದು ಕುಟ್ಟಿದ ಶೇಂಗಾ ಹಿಂಡಿ ಬಂದಾಯಿತು, ಆಮೇಲೆ ಬದನೆಕಾಯಿ, ಕೊನೆಗೆ ಮೊಸರು. ಕಾಕು ಬರೀ ಅನ್ನ-ಬ್ಯಾಳಿ ಕುದಿಸಿ ಬೈಸಿಕೊಂಡಳು. ಗುಳಿಗೆ ಮಾತ್ರ ನಿಲ್ಲಲಿಲ್ಲ. ಫಾರಿನ್ ಮಾಲಿನ ಮೇಲೆ ಸಂಶಯಪಡುವಷ್ಟು ಬುದ್ಧಿ ಆ ಮನುಷ್ಯನಿಗೆ ಎಲ್ಲಿಂದ ಬರಬೇಕು?

ಕಾಕಾ ಜೊತೆಗೊಯ್ದಿದ್ದ ಬಾಟಲಿಯನ್ನು ಮಿರಜಿನ ಡಾಕ್ಟರು ತಿರುಗಿಸಿ ಓದಿ, "ನೀವು ಮೀನ ತಿಂತೀರೇನ್ರಿ?" ಎಂದರು. ಕಾಕಾ ಸಿಟ್ಟಿನಿಂದ ಕುರ್ಚಿ ಬಿಟ್ಟೆದ್ದರು.

"ಕುಂದ್ರಿ. ಈ ಗುಳಿಗಿಯೊಳಗ ಮೀನಿನ ಎಣ್ಣಿ ಐತಿ. ನಿಮ್ಮ ಮೈಗೆ ಅದು ಒಗ್ಗೂದಿಲ್ಲ."

ಬೇರೆಯವರಾಗಿದ್ದರೆ ನಾಚಿ ಮನೆಯಲ್ಲಿ ಕೂರುತ್ತಿದ್ದರು. ಕಾಕಾ ಮರುದಿನ ಬಸದಿಯ ಕಟ್ಟೆಯ ಮೇಲೆ ಕೂತು ನಮಗೆಲ್ಲ ಹೇಳಿದರು: "ನನ್ನ ಮೈ ಎಷ್ಟ ಶುದ್ಧ ಐತಿ ನೋಡ್ರಿ. ಮೀನ ಒಳಗ ಹೋದಕೂಡ್ಲೆ ಗುರುತ ಹಿಡೀತು."

ಅಲ್ಲೇ ಪೂಜೆಯ ಅಕ್ಕಿ ಆರಿಸುತ್ತಿದ್ದ ಕಾಕು ತಲೆ ಎತ್ತದೆಯೇ ಅಂದಳು:

"ಮೈ ಗುರುತ ಹಿಡಿದು ಒದರಾಕತ್ತಿತ್ತು ಖರೆ. ನೀವು ಸೋಸಿದ ನೀರಾಗ ಮತ್ತೊಂದ ನುಂಗತಿದ್ರಿ."