ಎರಡನೇ ಸಲ ನೋಡುವಂಥದ್ದೇನಿಲ್ಲ

ಬೀದಿಯ ತಿರುವಿನಲ್ಲಿ, ಬೇಕರಿಗೂ ಇಸ್ತ್ರಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿರುವುದೇ ಕನ್ನಡಕದ ಮಾಮನ ಅಂಗಡಿ. ಮಾಮನಷ್ಟು ಸಾಧು ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ತಲೆ ತಿನ್ನುವವರೂ ಇಲ್ಲ. ಕಣ್ಣು ತೋರಿಸಲು ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ದುಂಡು ಫ್ರೇಮ್ ಏರಿಸಿ, ಒಂದು ಲೆನ್ಸ್ ತೆಗೆದು ಇನ್ನೊಂದು ಹಾಕಿ ಶುರು ಮಾಡುತ್ತಾರೆ: "ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಇದಾ? ಈಗ? ಈಗ ನೋಡಿ? ಮೊದಲಿಗಿಂತ ವಾಸಿನಾ?" ಕೊನೆಕೊನೆಗೆ ಗಿರಾಕಿಗೆ ಎಲ್ಲವೂ ಒಂದೇ ಥರ ಕಂಡು, ಬಿಟ್ಟರೆ ಸಾಕಪ್ಪಾ ಎನಿಸಿ, "ಇದೇ ಇರಲಿ" ಎಂದುಬಿಡುತ್ತಾನೆ. ಅಷ್ಟಕ್ಕೇ ಬಿಡುತ್ತಾರೆಯೇ ಮಾಮ? "ಮನಸ್ಸಿಗೆ ಒಪ್ಪಿ ಹೇಳ್ತಿದೀರಾ, ಇಲ್ಲಾ ನನ್ನ ಕಾಟಕ್ಕೆ ಹೇಳ್ತಿದೀರಾ?" ಎಂದು ಅದನ್ನೂ ಕೇಳುತ್ತಾರೆ.

ಆ ಕಸುಬಿನಲ್ಲಿ ಒಂದು ರೂಢಿಯಿದೆ. ಕುರ್ಚಿಯಲ್ಲಿ ಕೂತವರು "ಸರಿ ಕಾಣಲ್ಲ" ಎಂದರೆ ಯಾಕೆ, ಏನು ಎಂದು ವಿಚಾರಿಸುವುದಿಲ್ಲ. ಲೆನ್ಸ್ ತೆಗೆದು ಇನ್ನೊಂದು ಹಾಕುವುದು, ಅಷ್ಟೇ. ಅಂಗಡಿಯಲ್ಲಿ ಅದು ಸರಿಯೇ, ಯಾರು ಬೇಡವೆಂದರು? ಆದರೆ ಈ ಮಹಾನುಭಾವರು ಅದನ್ನೇ ಮನೆಗೂ ಹೊತ್ತು ತಂದರು. ಒಂದು ದಿನ ಹೆಂಡತಿ ಕಿಟಕಿಯ ಪರದೆ ಕೊಡವುತ್ತಾ "ಥೂ, ಎಷ್ಟು ಧೂಳು ಹಿಡಿಯುತ್ತಪ್ಪ ಇದು" ಎಂದಿದ್ದೇ ತಡ, ಮಾರನೆಯ ಸಂಜೆ ಹೊಸ ಪರದೆ ಬಂದು ನೇತಾಡಿತು. ಆಕೆ ಬೈದದ್ದು ಧೂಳನ್ನು. ಪರದೆ ಆಕೆಯ ಅಮ್ಮ ಕೈಯಾರೆ ಹೊಲಿದು ಕೊಟ್ಟದ್ದು. ಅದನ್ನು ಹಳೇ ಬಟ್ಟೆಯವನ ಹತ್ತಿರ ಗೋಗರೆದು ವಾಪಸ್ಸು ತರುವಷ್ಟರಲ್ಲಿ ಮಾಮನಿಗೆ ಸಾಕುಬೇಕಾಯಿತು.

ಇನ್ನು ಊರು ಸುತ್ತಿದ ಕತೆ ಕೇಳಿ. ವರ್ಷಕ್ಕೊಂದು ಸಲ, ವ್ಯಾಪಾರ ತಣ್ಣಗಿರುವ ಹೊತ್ತಿನಲ್ಲಿ, ಅಂಗಡಿಗೆ ಬೀಗ ಜಡಿದು ಮಾಮ ಹೆಂಡತಿಯನ್ನು ಎಲ್ಲಾದರೂ ಕರೆದುಕೊಂಡು ಹೋಗುತ್ತಾರೆ. ಮದುವೆಯಾದ ಹೊಸದರಲ್ಲಿ ಮೊದಲು ಹೋದದ್ದು ಸಮುದ್ರಕ್ಕೆ. ಅಲ್ಲಿ ಜನವೋ ಜನ, ನೀರಿಗಿಂತ ತಲೆಗಳೇ ಜಾಸ್ತಿ. ಕಿಟಕಿ ತೆಗೆದರೆ ಸಮುದ್ರ ಎಂದು ಹೇಳಿ ಹೋಟೆಲಿನವರು ರೂಮು ಕೊಟ್ಟಿದ್ದರು. ತೆಗೆದರೆ ಪಕ್ಕದ ಕಟ್ಟಡದ ಹೊಗೆ ಕೊಳವೆ ಎದುರಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಚಪ್ಪಲಿಯ ಮರಳು ಕೊಡವುತ್ತಾ ಹೆಂಡತಿ ಅಂದರು, "ಉಸಿರಾಡೋಕೆ ಜಾಗ ಇಲ್ಲ, ಅಷ್ಟು ಜನ. ಒಂದು ಸಲ ನೋಡಿದ್ದಾಯ್ತು, ಎರಡನೇ ಸಲ ನೋಡುವಂಥದ್ದೇನಿಲ್ಲ ಬಿಡಿ."

ಮಾಮ ಆ ಬಸ್ಸಿನಲ್ಲೇ ಕೂತು ಲೆನ್ಸ್ ಬದಲಾಯಿಸಿದರು. ಜನ ಜಾಸ್ತಿಯಾಯಿತೇ? ಸರಿ, ಜನವೇ ಇಲ್ಲದ ಕಡೆ ಹೋಗೋಣ. ಮರುವರ್ಷ ಯಾವುದೋ ಹಾಳು ಕೋಟೆ. ಅಲ್ಲಿ ಒಬ್ಬ ಕಾವಲುಗಾರ, ನಾಲ್ಕಾರು ಆಡುಗಳು, ಮುಳ್ಳು. "ಮಾತಾಡಿಸೋಕೆ ಒಂದು ನರಪಿಳ್ಳೆ ಇಲ್ವಲ್ರೀ, ಜೊತೆಗೆ ಈ ಸುಡುಬಿಸಿಲು!" ಬಿಸಿಲಾಯಿತೇ? ಅದರ ಮುಂದಿನ ವರ್ಷ ತಂಪಾದ ಬೆಟ್ಟ. ಇಡೀ ಕಣಿವೆ ಕಾಣುತ್ತದೆ ಎಂದು ಕೊಂಡಾಡಿದ ಜಾಗದಲ್ಲಿ ನಿಂತರೆ ಬಿಳಿ ಮಂಜು ಬಿಟ್ಟು ತಮ್ಮ ಅಂಗೈಯೂ ಕಾಣಲಿಲ್ಲ. ಏನೂ ಕಾಣಲಿಲ್ಲವೇ? ಹಾಗಾದರೆ ಜಲಪಾತ. ಅದು ಆ ವರ್ಷ ಬಚ್ಚಲ ನಲ್ಲಿಯಂತೆ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಗುಹೆ, ಅಲ್ಲಿ ಬಾವಲಿಗಳ ಗಬ್ಬುನಾತ. ಆಮೇಲೆ ಕೆರೆ, ಅಲ್ಲಿ ಕೊಳೆತ ಪಾಚಿ. ಹೂದೋಟಕ್ಕೆ ಹೆಸರಾದ ಊರಿಗೂ ಹೋದರು; ಬಾಗಿಲಲ್ಲೇ "ಹೂವು ಮುಂದಿನ ತಿಂಗಳು" ಎಂದು ಬೋರ್ಡು ಹಾಕಿದ್ದರು! ದೇವರಾಣೆ, ಕೆಟ್ಟ ಊರುಗಳನ್ನು ಹುಡುಕಿ ಹುಡುಕಿ ಹೋಗುವ ಇಂಥ ಕೈಗುಣ ಇನ್ಯಾರಿಗೂ ಇರಲಿಕ್ಕಿಲ್ಲ. ಪ್ರತಿ ಸಲವೂ ವಾಪಸ್ಸಾಗುವ ಬಸ್ಸಿನಲ್ಲಿ ಹೆಂಡತಿಯದು ಅದೇ ಮಾತು, ಮಾಮನದು ಅದೇ ತಲೆಯಾಡಿಸುವಿಕೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಮಗಳು ಒಂದು ಎಡವಟ್ಟು ಮಾಡಿದಳು. ಊರಿನ ಆ ತುದಿಯಲ್ಲಿ ಗಂಡನ ಜೊತೆ ಸಂಸಾರ ಹೂಡಿರುವ ಮಗಳು, ಒಂದು ಸಂಜೆ ಅಂಗಡಿಗೆ ಬಂದು ಗಾಜಿನ ಪೆಟ್ಟಿಗೆಯ ಮೇಲೆ ಮೊಣಕೈ ಊರಿ ನಿಂತಳು.

"ಅಪ್ಪ, ನಿಮ್ಮ ಮದುವೆಗೆ ಮೂವತ್ತು ವರ್ಷ ಆಯ್ತಲ್ಲ. ಈ ಸಲದ ಟೂರು ನಮ್ಮ ಕಡೆಯಿಂದ. ಆದ್ರೆ ಹೊಸ ಊರು ಬೇಡ. ಇಷ್ಟು ವರ್ಷ ಸುತ್ತಿದೀರಲ್ಲ, ಅದರಲ್ಲಿ ಅಮ್ಮಂಗೆ ತುಂಬಾ ಇಷ್ಟ ಆದ ಊರಿಗೇ ಇನ್ನೊಂದು ಸಲ ಹೋಗಿ ಬನ್ನಿ. ಯಾವುದು ಅಂತ ಭಾನುವಾರ ಫೋನ್ ಮಾಡ್ದಾಗ ಹೇಳು."

"ಅದಕ್ಕೇನಂತೆ, ಹೇಳೋಣ" ಎಂದರು ಮಾಮ, ಬಲು ಸಲೀಸಾಗಿ.

ಅವಳು ಹೋದ ಮೇಲೆ ಯೋಚಿಸಲು ಕೂತರು. ಸಮುದ್ರ? ಇಷ್ಟವಾಗಿರಲಿಲ್ಲ. ಕೋಟೆ? ಇಲ್ಲ. ಬೆಟ್ಟ, ಜಲಪಾತ, ಗುಹೆ, ಕೆರೆ? ಉಹೂಂ. ಒಂದೊಂದೇ ಊರನ್ನು ಮನಸ್ಸಿನಲ್ಲಿ ಎತ್ತಿ ಎತ್ತಿ ಕೆಳಗಿಟ್ಟರು. ಉಳಿದದ್ದು ಒಂದೂ ಇಲ್ಲ. ಮಾಮ ತಲೆಗೆ ಕೈ ಹೊತ್ತರು. ಮೂವತ್ತು ವರ್ಷ ಈ ಹೆಂಗಸನ್ನು ಊರೂರು ತಿರುಗಿಸಿದ್ದೇನೆ, ಒಂದೇ ಒಂದು ಊರಿನಲ್ಲಾದರೂ ಅವಳನ್ನು ಸಂತೋಷವಾಗಿ ಇಡಲು ಆಗಲಿಲ್ಲವೇ? ಹಾಗಾದರೆ ಇಷ್ಟು ವರ್ಷ ನನ್ನ ಜೊತೆ ಬಂದಳಲ್ಲ, ಹಲ್ಲು ಕಚ್ಚಿಕೊಂಡು ಬಂದಳೇ? ಈ ಯೋಚನೆ ಒಮ್ಮೆ ಹೊಕ್ಕಿತು ನೋಡಿ, ಆಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಮಗಳ ಮಾತು ತಿಳಿಸಿದರು. ಹೆಂಡತಿ ತರಕಾರಿ ಹೆಚ್ಚುತ್ತಾ ತಲೆ ಎತ್ತದೆಯೇ ಅಂದರು, "ನೋಡಿದ್ದನ್ನೇ ನೋಡೋದಾ? ಯಾವುದೂ ಬೇಡ ಅನ್ನಿ."

"ಹಾಗಲ್ಲ ಕಣೇ. ಸಮುದ್ರ ವಾಸಿನಾ, ಬೆಟ್ಟ ವಾಸಿನಾ?"

"ಎರಡೂ ಬೇಡ."

"ಹೋಗ್ಲಿ, ಕೋಟೆನಾ, ಜಲಪಾತನಾ?"

"ರೀ, ನಾನೇನು ಕಣ್ಣು ತೋರಿಸೋಕೆ ಬಂದಿದೀನಾ? ಸುಮ್ನೆ ಕೈ ತೊಳ್ಕೊಂಡು ಬನ್ನಿ, ಊಟ ಆರ್ತಿದೆ."

ಮಾಮ ಕೈ ತೊಳೆಯಲು ಎದ್ದರು.

ಆ ವಾರ ಅಂಗಡಿಯಲ್ಲಿ ನಡೆದ ಭಾನಗಡಿ ಹೇಳತೀರದು. ಒಬ್ಬ ಮೇಷ್ಟರ ಫ್ರೇಮಿಗೆ ಇನ್ಯಾರದೋ ಲೆನ್ಸ್ ಕೂರಿಸಿ ಕಳಿಸಿದರು, ಮೇಷ್ಟರು ಹೊಸ್ತಿಲಲ್ಲೇ ಗೋಡೆ ಹಿಡಿದು "ಅಯ್ಯೋ, ನೆಲ ಮೇಲಕ್ಕೆ ಬರ್ತಿದೆ!" ಎಂದು ಕೂಗಿಕೊಂಡರು. ಇನ್ನೊಬ್ಬರಿಗೆ "ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಸಮುದ್ರಾನಾ?" ಎಂದು ಕೇಳಿದರು. ಇಸ್ತ್ರಿ ಅಂಗಡಿಯವನು ಬಂದು, "ಮಾಮ, ಹುಷಾರಾಗಿದೀರಾ ತಾನೇ?" ಎಂದು ಹಣೆ ಮುಟ್ಟಿ ನೋಡಿ ಹೋದ.

ಶನಿವಾರ ನಾದಿನಿ ಬಂದಳು, ಹೆಂಡತಿಯ ತಂಗಿ. ಅವಳ ಕನ್ನಡಕದ ಕಾಲಿನ ಸ್ಕ್ರೂ ಬಿದ್ದುಹೋಗಿತ್ತು. ಸ್ಕ್ರೂ ತಿರುಗಿಸುತ್ತಾ ಮಾಮ, ಏನೂ ಅಲ್ಲದ ವಿಷಯವೆಂಬಂತೆ ಕೇಳಿದರು, "ಅಲ್ಲಮ್ಮ, ನಾವು ಊರೂರು ತಿರುಗಿ ಬರ್ತೀವಲ್ಲ, ನಿಮ್ಮಕ್ಕ ಅದರ ಬಗ್ಗೆ ನಿನ್ನ ಹತ್ರ ಏನಾದ್ರೂ ಹೇಳ್ತಾಳಾ?"

"ಏನಾದ್ರೂನಾ! ಭಾವ, ನೀವು ಟೂರಿಂದ ಬಂದ್ರೆ ನಮಗೆ ಒಂದು ವಾರ ಟೀವಿನೇ ಬೇಡ. ಆ ಗುಹೆಲಿ ಬಾವಲಿ ಬಂದಾಗ ನೀವು ಛತ್ರಿ ಬಿಚ್ಕೊಂಡು ಅಕ್ಕನ ಮುಂದೆ ನಿಂತ್ರಂತಲ್ಲ, ಅದನ್ನ ಎಷ್ಟು ಸಲ ಹೇಳಿದಾಳೋ! ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತೆ."

ಮಾಮನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ಆ ಗುಹೆ ಅವಳಿಗೆ ಇಷ್ಟ ಆಗಿತ್ತಾ?"

"ಗುಹೆನಾ? ದರಿದ್ರ ಜಾಗ ಅಂತಾಳೆ. ಇನ್ನೊಂದು ಸಲ ಕಾಲಿಡಲ್ಲ ಅಂತಾಳೆ."

ಕೇಳಿ ಗೊತ್ತುಮಾಡಿಕೊಳ್ಳಲು ಹೋದವರು ಇನ್ನಷ್ಟು ಗೊಂದಲಕ್ಕೆ ಬಿದ್ದರು. ಜಾಗ ದರಿದ್ರವಂತೆ, ಆದರೆ ಹೇಳಿ ಹೇಳಿ ನಗುತ್ತಾಳಂತೆ. ಇದೆಂಥ ಲೆಕ್ಕ? ಇಷ್ಟವಾಗದ್ದನ್ನು ಯಾರಾದರೂ ನಕ್ಕೊಂಡು ಹೇಳುತ್ತಾರೆಯೇ? ಇಲ್ಲಾ, ಅಕ್ಕತಂಗಿಯರು ಸೇರಿ ನಗುತ್ತಿರುವುದು ನನ್ನನ್ನು ನೋಡಿಯೋ? ಛತ್ರಿ ಬಿಚ್ಚಿ ನಿಂತ ಪೆದ್ದ ಎಂದೋ? ನಾದಿನಿ ಹೋದ ಮೇಲೂ ಮಾಮ ಸ್ಕ್ರೂ ಡ್ರೈವರ್ ಹಿಡಿದುಕೊಂಡು ಕಣ್ಣು ಕಣ್ಣು ಬಿಡುತ್ತಾ ಕೂತಿದ್ದರು. ಪಾಪ ಅನ್ನಿಸುತ್ತದೆ, ಜೊತೆಗೆ ಬೆನ್ನಿಗೊಂದು ಗುದ್ದಬೇಕು ಎಂದೂ ಅನ್ನಿಸುತ್ತದೆ.

ಭಾನುವಾರ ಬಂತು. ಮಧ್ಯಾಹ್ನದ ಊಟವಾಗಿ, ಹೆಂಡತಿ ಕಿಟಕಿಯ ಹತ್ತಿರ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಮಾಮ ಎರಡು ಸಲ ನೀರು ಕುಡಿದರು. ಓದಿ ಮುಗಿಸಿದ ಪೇಪರನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದರು.

"ನಿನ್ನನ್ನ ಒಂದು ಮಾತು ಕೇಳ್ಲಾ?"

"ಕೇಳದೆ ಬಿಟ್ಟಿದ್ದು ಯಾವಾಗ?"

"ತಮಾಷೆ ಅಲ್ಲ." ಮಾಮ ಪೇಪರನ್ನು ಪಕ್ಕಕ್ಕಿಟ್ಟರು. "ಇಷ್ಟು ವರ್ಷ ನನ್ನ ಜೊತೆ ಬಂದ್ಯಲ್ಲ... ನಿನಗೆ ಒಂದು ಸಲಾನೂ ಸಂತೋಷ ಆಗ್ಲಿಲ್ವಾ? ಹೋದ ಕಡೆಯೆಲ್ಲ ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂದೆ. ನಾನೂ ಊರು ಬದಲಾಯಿಸ್ತಾ ಹೋದೆ. ಯಾವುದೂ ಸರಿಹೋಗ್ಲಿಲ್ಲ. ನನ್ನ ಕೈಲಿ ಆಗ್ಲಿಲ್ಲ ಕಣೇ."

ಹೆಂಡತಿಯ ಕೈಯಲ್ಲಿದ್ದ ಟವೆಲು ಅರ್ಧಕ್ಕೇ ನಿಂತಿತು. ಗಂಡನ ಮುಖ ನೋಡಿದರು. ಆ ಮುಖ ಅಳುವುದಕ್ಕೆ ತಯಾರಾಗಿತ್ತು.

"ಏನ್ರೀ ನೀವು ಹೇಳ್ತಿರೋದು? ಊರು ಚೆನ್ನಾಗಿರ್ಲಿಲ್ಲ ಅಂದ್ರೆ ಊರು ಚೆನ್ನಾಗಿರ್ಲಿಲ್ಲ. ನಿಮ್ಮನ್ನ ಅಂದ್ನಾ? ಆ ಊರು ನೀವು ಕಟ್ಟಿಸಿದ್ದಾ? ಆ ಕೆರೆಗೆ ಪಾಚಿ ನೀವು ತಂದು ಹಾಕಿದ್ರಾ?"

"ಮತ್ತೆ ಯಾಕೆ ಪ್ರತಿ ಸಲಾನೂ..."

"ಕೊಳೆತಿರೋ ಕೆರೆನ ಆಹಾ ಅನ್ನೋಕೆ ನನಗೆ ಬರಲ್ಲಪ್ಪ. ಮನಸ್ಸಲ್ಲಿ ಬಂದಿದ್ದನ್ನ ಗಂಡನ ಹತ್ರ ಹೇಳ್ದೆ ಬಸ್ಸಿನ ಕಂಡಕ್ಟರ್ ಹತ್ರ ಹೇಳ್ಲಾ? ನನಗೆ ಸಂತೋಷ ಇರ್ಲಿಲ್ಲ ಅಂತ ಯಾರು ಹೇಳಿದ್ದು ನಿಮಗೆ? ನೀವು ಟಿಕೆಟ್ ತಂದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ತಿರ್ಲಿಲ್ಲ. ಹೋಗೋಕೆ ಇನ್ನೂ ಎಷ್ಟೋ ದಿನ ಇರ್ತಿತ್ತು, ನಾನು ಆಗ್ಲೇ ಚೀಲ ತೆಗೆದು ಜೋಡಿಸ್ತಿದ್ದೆ. ನೋಡಿಲ್ವಾ?"

ನೋಡಿದ್ದರು. ಬೇಗ ಹೋಗಿ ಬೇಗ ಮುಗಿಸಿಬಿಡೋಣ ಎಂದು ಜೋಡಿಸುತ್ತಾಳೆ ಎಂದುಕೊಂಡಿದ್ದರು.

"ಬೇಜಾರಾಗಿದ್ದು ಒಂದಕ್ಕೆ, ಹೇಳ್ತೀನಿ ಕೇಳಿ" ಎಂದು ಹೆಂಡತಿ ಟವೆಲನ್ನು ಪಕ್ಕಕ್ಕೆ ಎಸೆದರು. ಈಗ ಆಕೆಗೂ ರೇಗಿತ್ತು. "ಎಲ್ಲಿ ನಿಂತ್ರೂ ಪಕ್ಕದಲ್ಲಿ ಬಂದು ಹೇಗಿದೆ, ಹಿಡಿಸ್ತಾ, ಹೇಗಿದೆ, ಹಿಡಿಸ್ತಾ. ಒಂದು ಅಲೆ ನೆಟ್ಟಗೆ ಬಂದು ಹೋಗೋಕೆ ಬಿಡ್ಲಿಲ್ಲ ನೀವು. ಹೋಗ್ಲಿ ಬಿಡಿ. ನೀವು ಹೇಳಿ ನೋಡೋಣ. ನಿಮಗೆ ಯಾವ ಊರು ಇಷ್ಟ ಆಗಿತ್ತು?"

ಮಾಮ ತಬ್ಬಿಬ್ಬಾದರು. ಊರವರನ್ನೆಲ್ಲ ಅವರು ಕೇಳಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ನೆನಪು ಮಾಡಿಕೊಳ್ಳಲು ಹೋದರು. ಸಮುದ್ರ ಎಂದುಕೊಂಡರೆ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದ ಹೆಂಡತಿ ಕಾಣಿಸಿದರು. ಹುಬ್ಬು ಗಂಟಿಕ್ಕಿದೆ, ಅದು ಬಿಸಿಲಿಗೋ ಬೇಸರಕ್ಕೋ ತಿಳಿಯದು. ಬೆಟ್ಟ ಎಂದುಕೊಂಡರೆ ಚಳಿಗೆ ಕೆಂಪಾದ ಆಕೆಯ ಮೂಗು. ಕೋಟೆಯಲ್ಲಿ ಕಲ್ಲಿನ ಮೇಲೆ ಕೂತು ಅಂಗಾಲಿನ ಮುಳ್ಳು ಕೀಳುತ್ತಿದ್ದಾರೆ, ತುಟಿ ಕಚ್ಚಿಕೊಂಡಿದ್ದಾರೆ. ಕೋಟೆಯ ಗೋಡೆ ಕಪ್ಪಗಿತ್ತೋ ಕೆಂಪಗಿತ್ತೋ? ಜಲಪಾತ ಬಲಕ್ಕಿತ್ತೋ ಎಡಕ್ಕಿತ್ತೋ? ಕೆರೆಯಲ್ಲಿ ದೋಣಿ ಇತ್ತೇ? ಮಾಮ ತಡಕಾಡಿದರು, ಏನೂ ಸಿಗಲಿಲ್ಲ.

"ಗೊತ್ತಿಲ್ಲ" ಎಂದರು ಕೊನೆಗೆ, ಅವರಿಗೇ ಗಾಬರಿಯಾಗಿತ್ತು. "ನಾನು ಊರು ನೋಡೇ ಇಲ್ಲ ಕಣೇ. ನಿನ್ನ ಮುಖ ನೋಡ್ತಿದ್ದೆ."

"ಎಲ್ಲಾ ಕಡೆನೂ?"

"ಎಲ್ಲಾ ಕಡೆನೂ. ನಿನಗೆ ಹಿಡಿಸ್ತೋ ಇಲ್ವೋ ಅಂತ."

ಹೆಂಡತಿ ನಗಲು ಬಾಯಿ ತೆರೆದರು, ನಗು ಬರಲಿಲ್ಲ. "ಅಯ್ಯೋ ನಿಮ್ಮ!" ಎಂದು ಶುರು ಮಾಡಿದ ಬೈಗುಳವೂ ಮುಂದೆ ಹೋಗಲಿಲ್ಲ. ಎಸೆದಿದ್ದ ಟವೆಲನ್ನು ಎತ್ತಿಕೊಂಡು ಕಣ್ಣು ಒರೆಸಿಕೊಂಡರು. ಏನು ಮಾಡಬೇಕೋ ತೋಚದೆ ಮಾಮ ಇನ್ನೊಂದು ಲೋಟ ನೀರು ತಂದು ಮುಂದೆ ಹಿಡಿದರು. ತಾನು ಈಗ ಹೇಳಿದ್ದು ತಪ್ಪೋ ಸರಿಯೋ ಅವರಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಹೆಂಡತಿಯೇ ಎತ್ತಿದರು.

"ಹೂಂ ಕಣೆ, ಮಾತಾಡಿದ್ವಿ. ಸಮುದ್ರಕ್ಕೇ ಮಾಡಿಬಿಡು."

ಮಗಳ ದನಿ ಮಾಮನಿಗೂ ಕೇಳಿಸುವಷ್ಟು ಜೋರಾಗಿತ್ತು. "ಅಮ್ಮ! ಅದು ಎಲ್ಲಕ್ಕಿಂತ ಕೆಟ್ಟ ಊರು ಅಂತಿದ್ದವಳು ನೀನೇ ಅಲ್ವಾ?"

"ಈಗ್ಲೂ ಕೆಟ್ಟ ಊರೇ. ನನಗೆ ಸಾಕಾಗಿದೆ ಅದು" ಎಂದರು ಹೆಂಡತಿ, ಲೋಟ ಹಿಡಿದು ನಿಂತ ಗಂಡನನ್ನು ನೋಡುತ್ತಾ. "ಆದ್ರೆ ನಿಮ್ಮಪ್ಪ ಇನ್ನೂ ನೋಡಿಲ್ಲ."