ತೊಗರಿ ಗಾಲಿ ನನ್ನದಲ್ಲ

ವೈನಿ, ತೊಗರಿ ಗಾಲಿ ಮಾಡಿದವರು ನೀವು. ನಾನಲ್ಲ. ಇಷ್ಟು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದ್ದೇನೆ — ಈ ಒಂದು ಮಾತು ಬರೆಯಲು ಮೂರು ಹಾಳೆ ಹರಿದು ಹಾಕಿದೆ.

ಸಿಂದಗಿಯಲ್ಲಿ ಅಣ್ಣ ಹಾಕಿದ ಬಿತ್ತನೆ ಯಂತ್ರದ ಕಾರ್ಖಾನೆಯನ್ನು ಅವನು ತೀರಿಕೊಂಡ ಮೇಲೆ ಅತ್ತಿಗೆ-ಮೈದುನ ನಾವಿಬ್ಬರೂ ನಡೆಸಿದೆವು. ಯಂತ್ರದಲ್ಲಿ ತೊಗರಿ ಒಡೆಯುತ್ತದೆಂದು ರೈತರ ದೂರು. ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಡುವುದು ನಮ್ಮಲ್ಲಿ ಹೆಂಗಸರ ಕೆಲಸ; ನನಗೆ ನಟ್ಟು ಬೋಲ್ಟು ಗೊತ್ತಿತ್ತೇ ಹೊರತು ಬೀಜ ಬಿಟ್ಟು ಗೊತ್ತಿರಲಿಲ್ಲ. ನೀವು ಒಂದಿಡೀ ಮಧ್ಯಾಹ್ನ ತೊಗರಿಯನ್ನು ಬೆರಳ ಸಂದಿಯಿಂದ ಬಿಡುತ್ತ ಕೂತಿರಿ. ಆಮೇಲೆ ಬೀಜ ಇಳಿಸುವ ಗಾಲಿಯ ಗುಣಿಗಳನ್ನು ನಿಮ್ಮ ಬೆರಳ ತುದಿಯ ಅಳತೆಗೆ ಕೊರೆಸಿ, ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದಿರಿ. ಒಂದು ಕಾಳೂ ಒಡೆಯಲಿಲ್ಲ.

ಆ ಗಾಲಿಗಾಗಿಯೇ ಪುಣೆಯ ದೊಡ್ಡ ಕಂಪನಿ ನಮ್ಮನ್ನು ಕೊಳ್ಳಲು ಬಂತು. ಇಂಡಿ, ಮುದ್ದೇಬಿಹಾಳದ ಸಣ್ಣ ಕಾರ್ಖಾನೆಗಳನ್ನು ಆಗಲೇ ಕೊಂಡು ಮುಚ್ಚಿತ್ತು. ಕಾರ್ಖಾನೆಯ ಸಾಲ ತೀರಿದರೆ ಸಾಕೆಂದು ನಾವೂ ಒಪ್ಪಿದೆವು. ಷೆಡ್ಡಿಗೆ ಬೀಗ ಬೀಳುತ್ತದೆ, ಗಾಲಿ ಮಾಡಿದವರೊಬ್ಬರನ್ನು ಮಾತ್ರ ಕೆಲಸದಲ್ಲಿ ಉಳಿಸಿಕೊಳ್ಳುತ್ತೇವೆ ಎಂದರು ಬಂದ ಸಾಹೇಬರು.

"ಯಾರು ಮಾಡಿದ್ದು ಇದನ್ನ?"

"ನಾನರೀ," ಅಂದೆ.

ನೀವು ಲೇಥಿನ ಪಕ್ಕದಲ್ಲೇ ನಿಂತಿದ್ದಿರಿ, ಬೆರಳಿಗೆ ರಬ್ಬರ್ ಅಂಟಿಸುವ ಸಲ್ಯೂಷನ್ ಮೆತ್ತಿತ್ತು. ನನ್ನನ್ನು ನೋಡಿದಿರಿ, ಅಷ್ಟೇ. ಮನೆಯ ಹುಡುಗನ ಮರ್ಯಾದೆಯನ್ನು ಹೊರಗಿನವರ ಮುಂದೆ ನೀವು ಕಳೆಯುವವರಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಹೆದರಿ ಹೇಳಿದೆನೆಂದು ಬಹಳ ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಹೆದರಿಕೆಯಲ್ಲ ವೈನಿ, ಆಸೆಬುರುಕತನ.

ನೀವು ತವರೂರು ಗೊಳಸಂಗಿಗೆ ಹೋಗಿ ಕಂಡವರ ಹೊಲದಲ್ಲಿ ಬೀಜ ಬಿಡುವ ಕೂಲಿಗೆ ನಿಂತಿರಿ. ಇತ್ತ ಕಂಪನಿ ರಬ್ಬರ್ ತೆಗೆದು ಗಾಲಿಯನ್ನೇ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿತು. ಹೂವಿನ ಹಿಪ್ಪರಗಿಯ ಹೊಲಗಳಲ್ಲಿ ತೊಗರಿ ಮತ್ತೆ ಒಡೆಯಿತು. ಸರಿಮಾಡು ಅಂದರು — ನನಗೆ! ಒಡೆದ ಕಾಳು ಜೇಬಿನಲ್ಲಿಟ್ಟುಕೊಂಡು, ಪ್ಲಾಸ್ಟಿಕ್ ಗಾಲಿಯೊಂದನ್ನು ಕೈಯಲ್ಲಿ ಹಿಡಿದು, ನಾಚಿಕೆ ಬಿಟ್ಟು, ನಿಮ್ಮ ಬಾಗಿಲಿಗೇ ಬಂದೆ.

"ಗುಣಿ ಅಂಚು ಮುಟ್ಟಿ ನೋಡೀಯೇನು?"

"ಇಲ್ಲರಿ ವೈನಿ."

ಕಟ್ಟೆಯ ಕಲ್ಲಿಗೆ ಅಂಚು ಉಜ್ಜಿ, ನಯಮಾಡಿ, ಕೈಗೆ ಕೊಟ್ಟಿರಿ. "ತಗೊಂಡ ಹೋಗು. ನಾನ ಮಾಡೀನಿ ಅಂತ ಹೇಳು. ನಿನಗ ರೂಢಿ ಆಗೇತಲ್ಲ."

ಹೇಳಿದೆ. ಅದನ್ನೂ ಹಾಗೆಯೇ ಹೇಳಿದೆ. ಚಪ್ಪಾಳೆ ತಟ್ಟಿದರು, ತಲೆ ತಗ್ಗಿಸಿ ನಿಂತವನನ್ನು ನೋಡಿ ವಿನಯ ಅಂದುಕೊಂಡರು.

ಈಗ ಆ ಗಾಲಿಯ ಮೇಲೆ ನನ್ನ ಮನೆತನದ ಅಡ್ಡಹೆಸರು ಅಚ್ಚಾಗಿದೆ. ಈ ಮುಂಗಾರಿಗೆ ಅದು ಗೊಳಸಂಗಿಗೂ ಬಂದಿದೆ, ಬಿತ್ತಲು ನಿಮ್ಮನ್ನು ಯಾರೂ ಕರೆಯುತ್ತಿಲ್ಲವಂತೆ. ನಿಮ್ಮದೇ ಬೆರಳಿನ ಅಳತೆಯ ಗಾಲಿ ನಿಮ್ಮ ಕೂಲಿಯನ್ನು ಕಿತ್ತುಕೊಂಡಿತು. ಇದನ್ನು ಕೇಳಿದ ಮೇಲೆ ಅನ್ನ — ಇರಲಿ, ನನ್ನ ಸಂಕಟ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ಕಂಪನಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಕೆಲಸ ಹೋಗುತ್ತದೆ, ಹೋಗಲಿ. ಗಾಲಿ ಮಾಡಿದವರ ಹೆಸರು ಬರೆಯುವಲ್ಲಿ ಮಾತ್ರ ಪೆನ್ನು ನಿಂತಿತು. ನಿಮ್ಮ ಅಡ್ಡಹೆಸರೂ ನನ್ನದೇ; ಅದನ್ನು ಹಾಕಿದರೆ ಮತ್ತೆ ನನ್ನನ್ನೇ ನೆನೆದಾರು. ಅದನ್ನು ಬಿಟ್ಟು ಶಾಂತವ್ವ ಎಂದಷ್ಟೇ ಬರೆದೆ. ಒಂದೇ ಮನೆಯಲ್ಲಿ ಉಂಡು, ಒಂದೇ ಷೆಡ್ಡಿನಲ್ಲಿ ದುಡಿದೂ, ನಿಮ್ಮ ಹೆಸರನ್ನು ನಾನು ಬರೆದದ್ದು ಇದೇ ಮೊದಲು.