ನಿಂತರೆ ನಿಂತೇ ಹೋಗುವ ಗಾಡಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಬರೀ ಹನುಮಪ್ಪ ಎಂದರೆ ಯಾವ ಹನುಮಪ್ಪ ಎಂದು ಕೇಳುತ್ತಾರೆ. ‘ಸಸಿ ಹನುಮಪ್ಪ’ ಎಂದರೆ ಎಲ್ಲರಿಗೂ ಗೊತ್ತು. ರಾಣೆಬೆನ್ನೂರಿನ ನರ್ಸರಿಯಿಂದ ಮೆಣಸಿನ ಸಸಿ, ಟೊಮೆಟೊ ಸಸಿಗಳನ್ನು ತನ್ನ ಹಳೆಯ ಪಿಕಪ್ ಗಾಡಿಯಲ್ಲಿ ತಂದು ರೈತರ ಹೊಲಕ್ಕೆ ಇಳಿಸುವುದು ಅವನ ಉದ್ಯೋಗ. ನಾನು ಮಾಸ್ತರನಾಗಿದ್ದ ಶಾಲೆಯಲ್ಲಿ ಕಲಿತವನು. ಲೆಕ್ಕದಲ್ಲಿ ಹಿಂದೆ; ಶಾಲೆಯ ಕೈತೋಟಕ್ಕೆ ನೀರು ಹಾಕುವುದರಲ್ಲಿ ಎಲ್ಲರಿಗಿಂತ ಮುಂದೆ. ಈಗಲೂ ಸಸಿಯ ಟ್ರೇಗಳನ್ನು ಗಾಡಿಗೆ ಏರಿಸುವಾಗ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಹಾಕುತ್ತಾನೆ.

ಹೋದ ಮುಂಗಾರಿನಲ್ಲಿ ಆ ಗಾಡಿಗೆ ತಿಳಿಯದ ರೋಗವೊಂದು ಹತ್ತಿತು. ಓಡುವಾಗ ಚೆನ್ನಾಗಿಯೇ ಓಡುವುದು. ಎಲ್ಲಿಯಾದರೂ ನಿಲ್ಲಿಸಿ ಎಂಜಿನ್ನನ್ನು ಅದರ ಪಾಡಿಗೆ ತಿರುಗಲು ಬಿಟ್ಟರೆ ಗಡಗಡ ನಡುಗಿ, ಮೀಟರಿನ ಮುಳ್ಳು ಕುಣಿದು, ಎಂಜಿನ್ನು ಬಂದಾಗುವುದು. ಒಮ್ಮೆ ಕೀಲಿ ತಿರುವಿದೊಡನೆ ಏಳುವುದು, ಒಮ್ಮೆ ಎಷ್ಟು ತಿರುವಿದರೂ ಏಳದು. ಅಗಡಿಯ ಹಾದಿಯಲ್ಲಿ ಹೀಗೆ ನಿಂತು ಗಾಡಿ ತುಂಬ ಇದ್ದ ಸಸಿ ಬಿಸಿಲಿಗೆ ಬಾಡಿಹೋಯಿತು. ಅಂದು ಅವನ ಹೆಂಡತಿ ಹೊಳಿಯವ್ವ ಖಡಾಖಂಡಿತ ಹೇಳಿದಳು:

“ಇನ್ನೊಮ್ಮಿ ಹಾದ್ಯಾಗ ನಿಂತ್ರ ಗುಜರಿಗೆ ಹಾಕೂದ. ಆಮ್ಯಾಲೆ ಬೇಕಾದ್ರ ತಲಿ ಮ್ಯಾಲೆ ಸಸಿ ಹೊತ್ಗೊಂಡು ತಿರಗ್ರಿ!”

ಹನುಮಪ್ಪ ಗಾಡಿಯನ್ನು ಊರೂರಿಗೆ ತೋರಿಸಿದ. ಹಾವೇರಿಯ ಮೇಸ್ತ್ರಿ ಡೀಸೆಲಿನಲ್ಲಿ ಕಸವಿದೆ ಎಂದು ಫಿಲ್ಟರ್ ಬದಲಿಸಿದ. ರಾಣೆಬೆನ್ನೂರಿನವನು ಬ್ಯಾಟರಿಯ ದೋಷವೆಂದ. ಮತ್ತೊಬ್ಬ ಸ್ಕ್ರೂ ತಿರುವಿ ಎಂಜಿನ್ನಿನ ವೇಗ ಏರಿಸಿದ. ಒಬ್ಬೊಬ್ಬರ ಮಾತೂ ಸರಿ ಎನ್ನಿಸುತ್ತಿತ್ತು. ಮನೆ ಮುಟ್ಟುವವರೆಗೆ ಗಾಡಿಯೂ ಸರಿ ಇರುತ್ತಿತ್ತು. ಮರುದಿನ ಮತ್ತೆ ಅದೇ.

ನಡುವೆ ಕದರಮಂಡಲಗಿಯಲ್ಲಿದ್ದ ಅವನ ದೊಡ್ಡಪ್ಪ ತೀರಿಕೊಂಡ. ಸೂತಕದ ದಿನಗಳಲ್ಲಿ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಸೂತಕ ಕಳೆದ ದಿನವೇ ಬಸ್ ನಿಲ್ದಾಣದ ಎದುರು, ಸಂತೆಯ ಜನರ ನಡುವೆ ನಿಂತಿತು. ಹೊಳಿಯವ್ವ ಆಗಲೇ ಹಾವೇರಿಯ ಗುಜರಿ ವ್ಯಾಪಾರಿ ಫಕ್ರುದ್ದೀನನಿಗೆ ಫೋನು ಹಚ್ಚಿದಳು.

ಅವನು ಬರುವ ದಿನ ಹನುಮಪ್ಪ ಕೊನೆಯ ಪ್ರಯತ್ನವೆಂದು ನಮ್ಮೂರಿನ ವೈರಿಂಗ್ ಕೆಲಸದ ಖಲಂದರನ ಅಂಗಡಿಗೆ ಹೊರಟ. ಮುಖ ಸಣ್ಣದಾಗಿತ್ತು, ನಾನೂ ಜೊತೆಗೆ ಹೋದೆ.

ಖಲಂದರ ಹೆಡ್‌ಲೈಟ್ ಆರಿಸಿದ, ಹಾರ್ನಿನ ವೈರು ಬಿಚ್ಚಿದ, ರೇಡಿಯೊ ತೆಗೆದ. ತಿರುಗುತ್ತಿದ್ದ ಎಂಜಿನ್ನು ಆದರೂ ನಡುಗಿ ನಿಂತೇ ಬಿಟ್ಟಿತು.

“ಎಲ್ಲಾ ಬಂದ್ ಮಾಡೇನಿ. ಇನ್ನ ಕರೆಂಟ್ ತಿನ್ನಾಕ ಏನೂ ಉಳದಿಲ್ಲ. ಆದ್ರೂ ನಿಲ್ತೈತಿ! ಇದಕ್ಕ ಗಾಳಿ ಬಡದೈತೇನು ಹನುಮಪ್ಪಣ್ಣ?”

“ನನಗೂ ಹಂಗ ಅನಸ್ತೈತಪಾ. ಸೂತಕದಾಗ ದೇವರ ದೀಪಾ ಹಚ್ಚಿದ್ದಿಲ್ಲ, ಕುದರಿ ಓಡಿದಂಗ ಓಡ್ತು. ಸೂತಕ ಕಳದು, ಜಳಕಾ ಮಾಡಿ, ಕೈ ಮುಗದು ಹಚ್ಚೇನಿ, ಅವತ್ತ ನಿಂತ್ತು. ಮಾಸ್ತರ್ರ, ದೇವರು ನನ್ನ ಮ್ಯಾಲೆ ಸಿಟ್ಟಾಗ್ಯಾನೇನ್ರಿ?”

ಖಲಂದರನ ಕೈ ಅಲ್ಲೇ ನಿಂತಿತು. “ಯಾ ದೀಪಾ?”

ಸ್ಟೇರಿಂಗಿನ ಮುಂದೆ ಆಂಜನೇಯನ ಪಟ, ಅದರ ಸುತ್ತ ಕೆಂಪು ಬಲ್ಬುಗಳ ಸಣ್ಣ ಮಾಲೆ. ದಿನವೂ ಬೆಳಿಗ್ಗೆ ಹನುಮಪ್ಪ ಅದರ ಬಟನ್ ಒತ್ತಿ ನಮಸ್ಕರಿಸಿ ಹೊರಡುತ್ತಿದ್ದ. ಎಲ್ಲ ಮೇಸ್ತ್ರಿಗಳ ಕಣ್ಣೆದುರಿಗೇ ಅದು ಉರಿಯುತ್ತಿತ್ತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ದೇವರದು, ಅದೂ ಕರೆಂಟೇ ಎಂದು ಯಾರಿಗೆ ಹೊಳೆಯಬೇಕು?

“ಅದೊಂದ ಆರಸು, ನೋಡೂಣು.”

“ಹಚ್ಚಿದ ದೀಪಾ ಆರಸಂತೀಯೇನು? ಬೇಕಾದ್ರ ನೀನ ಆರಸು.”

“ನಾ ಒಲ್ಲೆಪಾ! ನಾಳೆ ಏನರ ಹೆಚ್ಚು ಕಡಿಮಿ ಆದ್ರ, ಸಾಬ ಆರಿಸಿದ್ದಕ್ಕ ಹಿಂಗಾತು ಅಂತೀ. ಮಾಸ್ತರ್ರ, ನೀವು ಹಿರೇರು, ನೀವ ಆರಸ್ರಿ.”

ನಾನು ಕೈ ಚಾಚಿದೆ. ಬೆರಳು ಬಟನ್ನಿನ ತನಕ ಹೋಯಿತು, ಮುಂದೆ ಹೋಗಲಿಲ್ಲ. “ಹಿಂದಿನ ವೈರು ಬಿಚ್ಚಿದರೆ ಆಗದೇ?” ಎಂದೆ.

“ಅದೂ ಆರಿಸಿದಂಗ ಅಲ್ಲೇನ್ರಿ?” ಎಂದ ಹನುಮಪ್ಪ.

ಹೀಗೆ ಮೂವರೂ ಬಟನ್ ನೋಡುತ್ತ ನಿಂತಿರುವಾಗ, ಫಕ್ರುದ್ದೀನ ಬಂದನೇ ಎಂದು ಕೇಳುತ್ತ ಹೊಳಿಯವ್ವ ಬಂದಳು. ಸಂಗತಿ ತಿಳಿದು ಹಣೆ ಬಡಿದುಕೊಂಡಳು.

“ಮೂರು ಮಂದಿ ಗಂಡಸರು ಒಂದ ಬಟನ್ನಿಗೆ ಹೆದರಿ ನಿಂತೀರಿ? ಕದರಮಂಡಲಗ್ಯಾಗ ರಾತ್ರಿ ಆಂಜನೇಯನ ಗುಡಿ ಬಾಗ್ಲಾ ಹಾಕೂದಿಲ್ಲೇನು? ಇಲ್ಲೂ ದೇವರು ಚೂರು ಮಕ್ಕೊಳ್ಳಲಿ.” ಕೈ ಮುಗಿದು, ಟಕ್ಕೆಂದು ಒತ್ತಿಬಿಟ್ಟಳು.

ಹನುಮಪ್ಪ ಕೀಲಿ ತಿರುವಿದ. ಎಂಜಿನ್ನು ನಡುಗಿತು, ಆದರೆ ನಿಲ್ಲಲಿಲ್ಲ. ಚಹಾ ತರಿಸಿ ಕುಡಿದೆವು, ಇನ್ನೂ ತಿರುಗುತ್ತಲೇ ಇತ್ತು. ದೀಪ ಹಚ್ಚಿದೆವು, ನಿಂತಿತು. ಕಾರಣ ಕೈಗೆ ಸಿಕ್ಕಂತಾಯಿತು, ತಲೆಗೆ ಮಾತ್ರ ಇಳಿಯಲಿಲ್ಲ. ಬಲ್ಬಿನ ಮಾಲೆ ಎಂಜಿನ್ನನ್ನು ನಿಲ್ಲಿಸುವುದೆಂದರೆ ಏನು?

ಖಲಂದರ ಪಟವನ್ನು ಹೊಳಿಯವ್ವನ ಸೆರಗಿಗೆ ಕೊಟ್ಟು ಹಿಂದಿನ ಹಲಗೆ ಬಿಚ್ಚಿದ. ಮಾಲೆಯ ವೈರು ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ನಿಂತ ಗಾಡಿಯ ನಡುಕಕ್ಕೆ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಡೀಸೆಲ್ ಬಿಡುವ ಸಣ್ಣ ಬಾಗಿಲನ್ನು ತೆರೆದು ಹಿಡಿಯುವ ವೈರಿನಿಂದಲೇ ಮಾಲೆಗೂ ಕರೆಂಟು ಎಳೆದಿದ್ದರು; ದೀಪ ಉರಿಯುವಾಗ ತಾಗಿತೆಂದರೆ ಕರೆಂಟೆಲ್ಲ ಕಬ್ಬಿಣಕ್ಕೆ ಹರಿದು ಆ ಬಾಗಿಲು ಮುಚ್ಚುತ್ತಿತ್ತು. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದರು. ಅದು ಸುಡದಿದ್ದುದರಿಂದ ಸುಳಿವೂ ಸಿಕ್ಕಿರಲಿಲ್ಲ. ಖಲಂದರ ದೀಪಕ್ಕೆ ಬೇರೆಯೇ ವೈರು ಎಳೆದು ಹೊಸ ಫ್ಯೂಸು ಕೂಡಿಸಿ, ಪಟವನ್ನು ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದ.

ಅಷ್ಟರಲ್ಲಿ ಫಕ್ರುದ್ದೀನ ಬಂದು ಟಯರನ್ನು ಒದ್ದು ನೋಡಿದ. ಹನುಮಪ್ಪ ಹೆಂಡತಿಯ ಮುಖ ನೋಡಿದ.

“ಇವತ್ತ ಕೊಡೂದಿಲ್ಲ,” ಎಂದಳು ಹೊಳಿಯವ್ವ. “ದೇವರಗುಡ್ಡಕ್ಕ ಸಸಿ ಒಯ್ಯೂದೈತಿ. ನಾನೂ ಕುಂದರತೇನಿ. ಹಾದ್ಯಾಗ ನಿಂತ್ರ ಫೋನ್ ಹಚ್ಚತೇನಿ, ಅಲ್ಲಿಂದ ಒಯ್ಯಿ.”

“ಆತು ಅಕ್ಕಾ. ನಿಂತ್ರ ನಂದು, ಓಡಿದ್ರ ನಿಮ್ದು,” ಎಂದು ಅವನು ನಕ್ಕ.

ಮುಂದಿನದನ್ನು ಹನುಮಪ್ಪನೇ ನನಗೆ ಹೇಳಿದ. ಸಸಿ ತುಂಬಿಕೊಂಡು, ದೇವರ ದೀಪ ಹಚ್ಚಿ ಹೊರಟಾಗ ಹಾದಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅವನು ಕೀಲಿಗೆ ಕೈ ಹಾಕಿದರೆ ಅವಳು ಹಿಡಿದಳಂತೆ.

“ಬಂದ್ ಮಾಡಬ್ಯಾಡ್ರಿ.”

“ಡೀಸೆಲ್ ಸುಮ್ನ ಸುಡತೈತಿ.”

“ಸುಡ್ಲಿ. ನನಗ ಕೇಳಬೇಕಾಗೈತಿ.”

ಗೂಡ್ಸ್ ಗಾಡಿ ಬಂತು. ಅದರ ಸಪ್ಪಳದಲ್ಲಿ ಎಂಜಿನ್ನು ತಿರುಗುತ್ತಿದೆಯೋ ನಿಂತಿದೆಯೋ ಇಬ್ಬರಿಗೂ ಕೇಳದಾಯಿತು. ಹೊಳಿಯವ್ವ ಪಟದ ಕೆಳಗೆ ಅಂಗೈಯೂರಿ, ಎಂಜಿನ್ನಿನ ನಡುಕ ಹುಡುಕುತ್ತ ಕಣ್ಣು ಮುಚ್ಚಿ ಕುಳಿತಳು. ಕೊನೆಯ ಡಬ್ಬಿ ಹೋಗುವ ಮೊದಲೇ ಗಂಡನ ಕಡೆ ತಿರುಗಿ ಹೇಳಿದಳಂತೆ:

“ಐತಿ.”